ಗಾಂಜಾ ಫಾರಂ ಹೊತ್ತು ನಾಲ್ಕು ತಾಲ್ಲೂಕು

ಸರ್ಕಾರಿ ಫಾರಂ ಹಿಡಿದುಕೊಂಡು ಹಳ್ಳಿಗೆ ಕಾಲಿಟ್ಟವನು ನಗೆಪಾಟಲಾಗಲು ಬೇರೆ ಏನೂ ಮಾಡಬೇಕಾಗಿಲ್ಲ. ಅದು ತಾನಾಗಿಯೇ ಆಗುತ್ತದೆ. ಆರೋಗ್ಯ ಇಲಾಖೆಯಲ್ಲಿ ನನ್ನ ಸರ್ವಿಸ್ ಪೂರ್ತಿ ಹಾಗೆಯೇ ಕಳೆಯಿತು. ಮಲೇರಿಯಾ ಫಾರಂ, ಕುಷ್ಠದ ಫಾರಂ, ಬಾವಿಗೆ ಪುಡಿ ಹಾಕಿದ ಫಾರಂ, ಎಲ್ಲವನ್ನೂ ತುಂಬಿಸಿದ್ದೇನೆ, ಎಲ್ಲದರಲ್ಲೂ ಪೆಚ್ಚಾಗಿದ್ದೇನೆ. ಆದರೆ ತೊಂಬತ್ತರ ದಶಕದ ಮೊದಮೊದಲಿಗೆ ನನ್ನ ಹೆಗಲಿಗೇರಿದ ಗಾಂಜಾ ಫಾರಂ ಇದೆಯಲ್ಲ, ಅದರ ಮುಂದೆ ಉಳಿದವೆಲ್ಲ ಏನೂ ಅಲ್ಲ.

ಸಾಹೇಬರು ಕೊಟ್ಟ ಮಾತು

ಆಗ ನಾನು ನಾಗಮಂಗಲದಲ್ಲಿ ಆರೋಗ್ಯ ಸಹಾಯಕ. ಹೆಂಡತಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನ ಒಂದು ಶಾಲೆಯಲ್ಲಿ ಟೀಚರ್. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ನಾವಿಬ್ಬರೂ ಒಂದೇ ಸೂರಿನಡಿ ಇದ್ದದ್ದು ಭಾನುವಾರಗಳು ಮಾತ್ರ. ಶನಿವಾರ ಸಂಜೆ ಬಸ್ಸಿನಲ್ಲಿ ನಿಂತುಕೊಂಡು ಹೋಗುವುದು, ಸೋಮವಾರ ಬೆಳಗ್ಗೆ ಕೂತುಕೊಂಡು ತೂಕಡಿಸುತ್ತಾ ವಾಪಸ್ ಬರುವುದು. ಉಳಿದ ಆರು ದಿನ ಹೋಟೆಲ್ ಸಾಂಬಾರ್. ಶ್ರೀರಂಗಪಟ್ಟಣಕ್ಕೆ ವರ್ಗ ಮಾಡಿಕೊಡಿ ಎಂದು ಎಷ್ಟು ಅರ್ಜಿ ಕೊಟ್ಟೆನೋ ನನಗೇ ನೆನಪಿಲ್ಲ. ಹೆಂಡತಿ ಶುಕ್ರವಾರ ತಪ್ಪದೆ ನಿಮಿಷಾಂಬನ ಗುಡಿಗೆ ಹೋಗಿ ಅದೇ ಅರ್ಜಿಯನ್ನು ಅಲ್ಲೂ ಸಲ್ಲಿಸುತ್ತಿದ್ದಳು. ನಿಮಿಷದಲ್ಲಿ ವರ ಕೊಡುವ ತಾಯಿ ನಮ್ಮ ವಿಷಯಕ್ಕೆ ನಾಲ್ಕು ವರ್ಷ ತೆಗೆದುಕೊಂಡಳು. ಪಾಪ, ಅವಳಾದರೂ ಏನು ಮಾಡುತ್ತಾಳೆ, ಕೆಲಸ ನಮ್ಮ ಇಲಾಖೆಯ ಮೂಲಕವೇ ಆಗಬೇಕಲ್ಲ.

ಅಂಥ ಹೊತ್ತಿನಲ್ಲಿ ಒಂದು ದಿನ ಮೇಲಿನ ಆಫೀಸಿನ ಸಾಹೇಬರು ನನ್ನನ್ನು ಕರೆಸಿ, ದಾರ ಕಟ್ಟಿದ ಒಂದು ದೊಡ್ಡ ಕಟ್ಟನ್ನು ಮುಂದೆ ತಳ್ಳಿದರು. ಫಾರಂನಲ್ಲಿ ಮೂರೇ ಪ್ರಶ್ನೆ. ಒಂದು: ಸಾರಾಯಿಗೆ ಇರುವಂತೆ ಗಾಂಜಾ ಮಾರಾಟಕ್ಕೂ ಸರ್ಕಾರ ಪರವಾನಗಿ ಕೊಟ್ಟರೆ ಜನರ ಆರೋಗ್ಯಕ್ಕೆ ಅಪಾಯವಿದೆಯೇ? ಹೌದು, ಇಲ್ಲ, ಗೊತ್ತಿಲ್ಲ. ಎರಡು: ನಿಮಗೆ ತಿಳಿದಿರುವ ಅಪಾಯಗಳೇನು? ಮೂರು: ಇತರೆ ಅಭಿಪ್ರಾಯ. ಕೆಳಗೆ ರುಜು ಅಥವಾ ಹೆಬ್ಬೆಟ್ಟು.

"ಪರವಾನಗಿ ಕೊಡ್ತಾರಾ ಸಾರ್?" ಎಂದೆ.

"ಕೊಡ್ತಾರೆ ಅಂತ ಯಾರ್ರೀ ಹೇಳಿದ್ದು? ಕೊಟ್ಟರೆ ಜನ ಏನಂತಾರೆ ಅಂತ ಮೇಲೆ ಯಾರಿಗೋ ತಿಳ್ಕೋಬೇಕಂತೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕೂ ಕಡೆ ಸುತ್ತಿ. ಒಂದು ಫಾರಂ ಖಾಲಿ ಬರಬಾರದು. ಸರಿಯಾಗಿ ತುಂಬಿಸ್ಕೊಂಡು ಬನ್ನಿ, ನಿಮ್ಮ ವರ್ಗಾವಣೆ ಅರ್ಜಿ ಅವತ್ತೇ ನೋಡ್ತೀನಿ."

ನಾನು ಗಾಂಜಾ ಸೇದಿದವನಲ್ಲ. ಆದರೆ ಆ ಕಟ್ಟನ್ನು ಎದೆಗವಚಿಕೊಂಡು ಮೆಟ್ಟಿಲಿಳಿಯುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಸಾಹೇಬರಿಗೇ ಗೊತ್ತಿಲ್ಲ

ಓದು ಬರಹ ಬಲ್ಲವರಿಂದ ಶುರು ಮಾಡಿದರೆ ಬೇಗ ಮುಗಿದೀತು ಎಂದುಕೊಂಡು ನಾಗಮಂಗಲದಲ್ಲೇ ಒಂದು ಆಫೀಸಿಗೆ ನುಗ್ಗಿದೆ. ಹತ್ತು ಹನ್ನೆರಡು ಮೇಜು. ಒಂದು ಗಂಟೆಯ ಕೆಲಸ.

ಹೆಡ್ ಕ್ಲರ್ಕ್ ಫಾರಂ ಅನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದಕ್ಕೆ ನಮ್ಮ ಸಾಹೇಬ್ರು ಏನಂದ್ರು?" ಎಂದು ಕೇಳಿದರು.

"ಅವರನ್ನ ಇನ್ನೂ ಕೇಳಿಲ್ಲ. ಇದು ನಿಮ್ಮ ಸ್ವಂತ ಅಭಿಪ್ರಾಯ."

"ಸ್ವಂತದ್ದಾ? ಆಫೀಸ್ ಟೈಮಲ್ಲಿ ಸ್ವಂತದ್ದು ಎಲ್ಲಿಂದ ತರೋದ್ರೀ? ನಾಳೆ ಸಾಹೇಬ್ರು ಹೌದು ಅಂದು, ನಾನು ಇಲ್ಲ ಅಂತ ರುಜು ಹಾಕಿದ್ರೆ ನನ್ನ ಗತಿ?"

ಅವರ ಸಾಹೇಬರು ರಜೆಯಲ್ಲಿದ್ದರು. ಇನ್‌ಚಾರ್ಜ್ ಇದ್ದವರ ಹತ್ತಿರ ಹೋದೆ. ಅವರು, "ನಾನು ದಿನನಿತ್ಯದ ಕಾಗದಕ್ಕೆ ಮಾತ್ರ ಇನ್‌ಚಾರ್ಜು. ಅಭಿಪ್ರಾಯಕ್ಕೆ ಅಲ್ಲ" ಎಂದು ಕೈ ತೊಳೆದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಬಾಗಿಲ ಬಳಿ ಸ್ಟೂಲಿನ ಮೇಲಿದ್ದ ಅಟೆಂಡರ್ ಎದ್ದು ಬಂದು, "ಇದ್ರಲ್ಲಿ ಯೋಚ್ನೆ ಮಾಡಾದೇನೈತೆ ಸಾ? ಎದೆ ಕೆಡ್ತದೆ, ತಲೆ ಕೆಡ್ತದೆ, ನಮ್ಮ ಚಿಕ್ಕಪ್ಪ ಅಂಗೇ ಆದ. ಅಪಾಯ ಅಂತ ಬರ್ಕಳಿ" ಎಂದು ಅಚ್ಚುಕಟ್ಟಾಗಿ ರುಜು ಹಾಕಿ ಕೊಟ್ಟ. ಆ ಆಫೀಸಿನಲ್ಲಿ ಗಂಡಸು ಅಂದರೆ ಇವನೊಬ್ಬನೇ ಎನಿಸಿತು.

ಮೂರು ದಿನ ಬಿಟ್ಟು ಮತ್ತೆ ಹೋದೆ. ಸಾಹೇಬರು ಬಂದಿದ್ದರು. ಕನ್ನಡಕ ಏರಿಸಿ ಫಾರಂ ಪೂರ್ತಿ ಓದಿ, ತುಂಬಾ ಹೊತ್ತು ಕಿಟಕಿಯಾಚೆ ನೋಡಿ, 'ಗೊತ್ತಿಲ್ಲ' ಎಂಬುದಕ್ಕೆ ಗುರುತು ಹಾಕಿದರು. ಅದು ಹೊರಗೆ ಹೇಗೆ ತಿಳಿಯಿತೋ ಕಾಣೆ, ನಾನು ಅವರ ಕೋಣೆಯಿಂದ ಹೊರಬರುವಷ್ಟರಲ್ಲಿ ಎಲ್ಲ ಮೇಜುಗಳ ಮೇಲೂ ಫಾರಂ ತಯಾರಾಗಿತ್ತು. ಯಾರಿಗೂ ಗೊತ್ತಿರಲಿಲ್ಲ.

ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಹಿಂದಿನಿಂದ ಅಟೆಂಡರ್ ಏದುಸಿರು ಬಿಡುತ್ತಾ ಓಡಿಬಂದ.

"ಸಾ, ನನ್ ಫಾರಂ ವಾಪಸ್ ಕೊಡಿ ಸಾ. ನಂಗೂ ಗೊತ್ತಿಲ್ಲ."

"ನಿಮ್ಮ ಚಿಕ್ಕಪ್ಪ?"

"ಚಿಕ್ಕಪ್ಪ ಕೆಟ್ಟೋಗಿದ್ದು ನಿಜ ಸಾ. ಆದ್ರೆ ಸಾಹೇಬ್ರಿಗೇ ಗೊತ್ತಿಲ್ದೇ ಇರಾದು ನಂಗೆ ಗೊತ್ತಿದ್ರೆ ಚೆಂದಾಗಿರಾಕಿಲ್ಲ."

ಮರೆವಿನ ಕಾಯಿಲೆ

ಬಿಂಡಿಗನವಿಲೆ ಕಡೆ ಒಬ್ಬ ಯಜಮಾನರಿದ್ದರು. ವಯಸ್ಸು ಎಪ್ಪತ್ತರ ಮೇಲೆ, ಒಂದು ಮಂದೆ ಕುರಿ. ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ಕೂತಿದ್ದರು. ಫಾರಂ ವಿಷಯ ಹೇಳಿದೆ. ಮುಚ್ಚುಮರೆ ಇಲ್ಲದ ಮನುಷ್ಯ.

"ಸೊಪ್ಪಾ? ಸೇದ್ತೀನಿ ಕಣಪ್ಪ. ಮೀಸೆ ಬಂದಾಗ್ಲಿಂದ ಸೇದ್ತಾವ್ನಿ. ಏನೂ ಆಗಿಲ್ಲ. ಇಲ್ಲ ಅಂತ ಬರ್ಕೊ."

ಇಂಥವರನ್ನು ಕಂಡರೆ ನನ್ನೊಳಗಿನ ಆರೋಗ್ಯ ಇಲಾಖೆ ಸುಮ್ಮನಿರುವುದಿಲ್ಲ. ಕನ್ನಡಕ ತೆಗೆದು ಕಲ್ಲಿನ ಮೇಲಿಟ್ಟೆ, ಚೀಲ ಇಳಿಸಿದೆ, ಕೊಡೆಯನ್ನು ಮರಕ್ಕೆ ಒರಗಿಸಿ ಭಾಷಣ ಶುರು ಮಾಡಿದೆ. ಎದೆಗೂಡು ಹೀಗಾಗುತ್ತದೆ, ನರ ಹಾಗಾಗುತ್ತದೆ. "ಎಲ್ಲಕ್ಕಿಂತ ಮೊದಲು ಹೋಗೋದು ಜ್ಞಾಪಕಶಕ್ತಿ ಯಜಮಾನ್ರೇ. ಮರೆವು ಬರುತ್ತೆ. ಇವತ್ತು ಮಾಡಿದ್ದು ನಾಳೆ ನೆನಪಿರೋಲ್ಲ."

"ಮರೆವಾ?" ಎಂದು ಯಜಮಾನರು ಕೋಲೆತ್ತಿ ಮಂದೆಯ ಕಡೆ ತೋರಿಸಿದರು. "ಆ ಕಿವಿ ಅರ್ದಿರಾ ಕುರಿ ಇಲ್ವಾ, ಅದರವ್ವನ್ನ ನಾಗಮಂಗಲದ ಸಂತೇಲಿ ತಂದೆ, ಶನಿವಾರ, ಮೋಡ ಆಗಿತ್ತು. ಅದರ ಅಕ್ಕ ಈ ಕಪ್ಪು ಮೂತೀದು. ನೀನು ಓದ ಸಲ ಸೂಜಿ ಆಕಾಕೆ ಬಂದಾಗ ನೀಲಿ ಶರಟು ಆಕ್ಕಂಡಿದ್ದೆ, ಎಲ್ಡ್ನೇ ಗುಂಡಿ ಕಿತ್ತೋಗಿತ್ತು. ಒಲಿಸ್ಕಂಡ್ಯಾ?"

ಹೊಲಿಸಿಕೊಂಡಿರಲಿಲ್ಲ. ನನಗೆ ಸಿಟ್ಟು ಬಂತು. 'ಇಲ್ಲ' ಎಂದು ಗುರುತು ಹಾಕಿ ಹೆಬ್ಬೆಟ್ಟು ಒತ್ತಿಸಿಕೊಂಡೆ. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಓಡಿ ಹೋಗಿ ಹತ್ತಿಕೊಂಡೆ.

ಬಸ್ಸು ಅರ್ಧ ಫರ್ಲಾಂಗು ಹೋಗಿರಬೇಕು, ಹಿಂದಿನ ಸೀಟಿನವರು "ಓಲ್ಡಾನ್, ಓಲ್ಡಾನ್" ಎಂದು ಕೂಗಿದರು. ನೋಡಿದರೆ ರಾಗಿ ಹೊಲವನ್ನು ಅಡ್ಡ ಹಾಯ್ದು ಯಜಮಾನರು ಓಡಿಬರುತ್ತಿದ್ದಾರೆ. ಕಿಟಕಿಯ ಹತ್ತಿರ ಬಂದು ನಿಂತು ಒಂದಿಷ್ಟು ಹೊತ್ತು ಕೆಮ್ಮಿದರು. ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದರು. ಆಮೇಲೆ ಒಂದೊಂದಾಗಿ ಒಳಗೆ ಕೊಟ್ಟರು. ಕನ್ನಡಕ. ಪೆನ್ನು. ಕೊಡೆ. ಕೊನೆಗೆ ಫಾರಂ ಚೀಲ, ಅಂದರೆ ನನ್ನ ಇಡೀ ಸಂಸಾರ.

ನಾನು ಕೈ ಮುಗಿದೆ. ಯಜಮಾನರು ಕಿಟಕಿಯ ಸರಳು ಹಿಡಿದು, ಬಸ್ಸಿನಲ್ಲಿದ್ದವರಿಗೆಲ್ಲ ಕೇಳಿಸುವಷ್ಟು ಮೆಲ್ಲಗೆ ವಿಚಾರಿಸಿದರು: "ಮರೆವು ಬತ್ತದೆ ಅಂದ್ಯಲ್ಲಪ್ಪ. ನೀನು ಎಷ್ಟು ವರ್ಷದಿಂದ ಸೇದ್ತಾ ಇದ್ದೀಯೆ?"

ಕಟಾವಿನ ಚಿಂತೆ

ಪಾಂಡವಪುರದ ಕಡೆಯ ಹಳ್ಳಿಯೊಂದಕ್ಕೆ ಹೋದಾಗ, ಅರಳಿಕಟ್ಟೆಯ ಮೇಲಿದ್ದ ಗಂಡಸರೆಲ್ಲ ನನ್ನ ಚೀಲ ನೋಡಿದ್ದೇ ತಡ ಎದ್ದು ಗದ್ದೆ ಕಡೆ ನಡೆದರು. ಇದು ನಮಗೆ ಅಭ್ಯಾಸವಾಗಿತ್ತು. ಆರೋಗ್ಯ ಇಲಾಖೆಯವನು ಬಂದ ಎಂದರೆ ಸಂತಾನಹರಣ ಆಪರೇಷನ್ನಿಗೆ ಜನ ಹಿಡಿಯಲು ಬಂದ ಎಂದೇ ಲೆಕ್ಕ. ಐದು ಮಕ್ಕಳಿದ್ದವರು ಎಲ್ಲರಿಗಿಂತ ಮುಂದೆ ಓಡುತ್ತಿದ್ದರು.

"ಆಪರೇಷನ್ ಅಲ್ರಪ್ಪಾ! ಗಾಂಜಾ! ಗಾಂಜಾ!" ಎಂದು ಕೂಗಿದೆ. ಒಬ್ಬ ಆರೋಗ್ಯ ಸಹಾಯಕ ಊರ ಮಧ್ಯೆ ನಿಂತು ಹೀಗೆ ಕೂಗಬಾರದಿತ್ತು. ಆದರೆ ಕೂಗಿದ್ದರಿಂದ ಎಲ್ಲರೂ ವಾಪಸ್ ಬಂದರು. ಹೋದವರಿಗಿಂತ ಹೆಚ್ಚು ಜನ ಬಂದರು.

ಫಾರಂ ಓದಿ ಹೇಳಿದೆ. ಪರವಾನಗಿ ಎಂಬ ಮಾತು ಕೇಳಿದ ಮೇಲೆ ಉಳಿದ ಯಾವ ಮಾತೂ ಅವರ ಕಿವಿಗೆ ಹೋಗಲಿಲ್ಲ. ಅದು ಕಬ್ಬಿನ ಸೀಮೆ. ಸರ್ಕಾರದವನು ಕಾಗದ ತಂದು ರುಜು ಕೇಳಿದ ಎಂದರೆ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಕೊಡುವ ಒಪ್ಪಿಗೆ ಪತ್ರ ಮಾಡಿಕೊಟ್ಟಷ್ಟೇ ಸತ್ಯ. ಒಬ್ಬ ಮನೆಗೆ ಓಡಿಹೋಗಿ ಪಹಣಿ ತಂದ. ಇನ್ನೊಬ್ಬ, "ನನ್ ಪೋಟೋ ಎಷ್ಟು ಬೇಕು ಸಾಮಿ?" ಎಂದ.

"ಕಟಾವಿಗೆ ಆರ್ಡರು ಟೇಮಿಗೆ ಸರ್ಯಾಗಿ ಕೊಡ್ತಾರಾ?" ಎಂದು ಮೂರನೆಯವನ ಚಿಂತೆ. "ಕಬ್ಬಿನ್ ತರ ಗದ್ದೇಲೇ ಒಣಗಾಕೆ ಬುಟ್ಬುಟ್ರೆ ನಾವ್ ಏನ್ ಮಾಡವಾ?"

"ಒಣಗ್ಲಿ ಬುಡ್ಲಾ" ಎಂದು ಪಕ್ಕದ ಹಿರಿಯರು ಸಮಾಧಾನ ಹೇಳಿದರು. "ಅದ್ನ ಒಣಗಿಸೇ ಸೇದಾದು."

ನಾನು ಕೈ ಮುಗಿದು, ಇದು ಬೆಳೆಯುವುದಕ್ಕಲ್ಲ, ಆರೋಗ್ಯಕ್ಕೆ ಅಪಾಯವೋ ಅಲ್ಲವೋ ಎಂದು ಕೇಳುವುದಕ್ಕೆ ಎಂದು ಮೂರು ಸಲ ಬಿಡಿಸಿ ಹೇಳಿದೆ. ಹಿರಿಯರು ಗಂಭೀರವಾಗಿ ಕೇಳಿಸಿಕೊಂಡರು.

"ಯಾರ ಆರೋಗ್ಯಕ್ಕೆ?"

"ಸೇದೋರ ಆರೋಗ್ಯಕ್ಕೆ."

"ಅವ್ರು ಎಲ್ಲವ್ರೆ?"

"ಎಲ್ಲ ಕಡೆ ಇರ್ತಾರೆ. ಬೆಂಗಳೂರು, ಬೊಂಬಾಯಿ."

"ಅಂಗಾದ್ರೆ ಅಲ್ಲಿಗೋಗಿ ಕೇಳಿ ಸಾಮಿ. ನಾವು ಬೆಳೆಯೋರು. ಅಜ್ಜನ ಕಾಲದಿಂದ ಕಬ್ಬು ಬೆಳೀತಾ ಇದ್ದೀವಿ. ಸಕ್ಕರೆ ಕಾಯ್ಲೆ ಯಾರಿಗೆ ಬತ್ತದೆ ಅಂತ ಯಾವತ್ತಾರಾ ನಮ್ಮನ್ನ ಕೇಳಿದ್ರಾ?"

ವರ್ಕ್‌ಶಾಪಿನ ಸಾಬರು

ಶ್ರೀರಂಗಪಟ್ಟಣದಲ್ಲಿ ಹೆದ್ದಾರಿ ಪಕ್ಕ ನುಜ್ಜುಗುಜ್ಜಾದ ಲಾರಿಗಳನ್ನು ಬಡಿದು ನೆಟ್ಟಗೆ ಮಾಡುವ ಒಬ್ಬ ಸಾಬರಿದ್ದರು. ಸುತ್ತಿಗೆ ಕೆಳಗಿಡದೆಯೇ ನನ್ನ ಪ್ರಶ್ನೆ ಕೇಳಿದರು.

"ಅರೆ ಸಾಬ್, ನನ್ನ ಕೇಳಿದ್ರೆ ಎರಡು ಜವಾಬ್ ಇದೆ. ಡ್ರೈವರ್ ಲೋಗ್‌ಗೆ ಅಂಗಡೀಲೇ ಸಿಗೋ ಹಾಗಾದ್ರೆ ನನ್ನ ವರ್ಕ್‌ಶಾಪಿಗೆ ಬಹುತ್ ಫಾಯ್ದಾ. ಇಲ್ಲಿ ಜಾಗ ಸಾಲಲ್ಲ, ಆಚೆ ಸೈಟೂ ತಗೋಬೇಕಾಗುತ್ತೆ."

"ಹಾಗಾದರೆ ಅಪಾಯ ಇಲ್ಲ ಅಂತ ಬರೆಯಲಾ?"

"ಪೂರಾ ಕೇಳಿ ಸಾಬ್. ಅಪಾಯ ಇದೆ ಅಂತ ಬರೀರಿ, ದೊಡ್ಡ ಅಕ್ಷರದಲ್ಲಿ ಬರೀರಿ. ಸಂಜೆ ಆದ್ಮೇಲೆ ಇದೇ ರೋಡ್ ದಾಟಿ ನಾನು ಮನೆಗೆ ಹೋಗಬೇಕಲ್ಲ!"

ಹಸುವಿಗಾದರೆ ಬೇರೆ ಮಾತು

ಕೆ.ಆರ್. ಪೇಟೆ ಕಡೆಯ ಒಂದು ಊರಿನಲ್ಲಿ ಬೆಳಗ್ಗೆ ಹಾಲಿನ ಡೈರಿ ಮುಂದೆ ನಿಂತೆ. ಹಾಲು ಹಾಕಲು ಬಂದವರು ಸಾಲು ಬಿಟ್ಟು ಓಡುವ ಹಾಗಿಲ್ಲ ಎಂಬುದು ನನ್ನ ಉಪಾಯ. ಸಾಲಿನಲ್ಲಿ ಮೊದಲಿಗಿದ್ದವನು ಕ್ಯಾನ್ ಹಿಡಿದು ನಿಂತಿದ್ದ ಗಟ್ಟಿಮುಟ್ಟು ರೈತ.

"ಅಪಾಯ ಎಲ್ಲೈತೆ ಸಾಮಿ? ಅದೂ ಒಂದು ಗಿಡ. ತುಳಸಿ ಗಿಡ ಅಲ್ವಾ, ಬೇವಿನ ಗಿಡ ಅಲ್ವಾ? ಶಿವನೇ ಸೇದ್ತಾನೆ, ಅವ್ನಿಗೇನಾಗೈತೆ? ಇಲ್ಲ ಅಂತ ಆಕಿ."

ಅವನ ಹಿಂದೆ ನಿಂತವರೆಲ್ಲ, "ನಂದೂ ಅಂಗೇ ಆಕಿ, ನಂದೂ ಅಂಗೇ ಆಕಿ" ಎಂದರು. ಸಾಹೇಬರಿಗೆ ಬೇಕಾದದ್ದು ತುಂಬಿದ ಫಾರಂ, ನನಗೆ ಬೇಕಾದದ್ದು ವರ್ಗ. ಹಾಕಿಕೊಂಡು ಸುಮ್ಮನೆ ಹೋಗಬಹುದಿತ್ತು. ಆದರೆ ಮನಸ್ಸು ತಡೆಯಲಿಲ್ಲ.

"ಆಯ್ತು ಗೌಡ್ರೇ, ಲೈಸೆನ್ಸ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ನಿಮ್ಮ ಹಿತ್ತಲಲ್ಲಿ ನಾಲ್ಕು ಗಿಡ ಹಾಕಿದ್ರಿ. ನಿಮ್ಮ ಸೀಮೆ ಹಸು ಹಗ್ಗ ಬಿಚ್ಚಿಕೊಂಡು ಹೋಗಿ ಅದನ್ನ ಮೇಯ್ದುಬಿಟ್ಟರೆ?"

ಗೌಡರ ಮುಖ ಬಿಳಿಚಿಕೊಂಡಿತು. ಕ್ಯಾನ್ ಕೆಳಗಿಟ್ಟರು.

"ನಮ್ ಅಸೂನಾ? ಏನ್ ಮಾತಾಡ್ತಾ ಇದ್ದೀರಾ ಸಾಮಿ, ಅದು ಮೂರು ತಿಂಗಳ ಗಬ್ಬ! ಆಲು ಇಂಗೋದ್ರೆ? ಫ್ಯಾಟು ಬರ್ದೇ ಓದ್ರೆ? ಒಟ್ಟೇಲಿರಾ ಕರ ಏನಾಗ್ಬೇಕು? ಎಲ್ಲಿ, ಕೊಡಿ ಆ ಕಾಗ್ದವ. ಅಪಾಯ ಅಂತ ಬರೀರಿ!"

ಸಾಲಿನಲ್ಲಿ ಗುಜುಗುಜು ಎದ್ದಿತು. ಅಪಾಯ, ಅಪಾಯ ಎಂದು ಎಲ್ಲರೂ ಫಾರಂ ತಿದ್ದಿಸಿದರು. ಎರಡನೆಯ ಪ್ರಶ್ನೆಗೆ, ಅಂದರೆ ತಿಳಿದಿರುವ ಅಪಾಯಗಳು ಎಂಬಲ್ಲಿ, ಸಾಲಿಗೆ ಸಾಲು 'ಹಸುವಿಗೆ' ಎಂದು ಬರೆದುಕೊಂಡು ನನಗೆ ಕೈ ನೋವು ಬಂತು.

"ಅಲ್ಲ ಗೌಡ್ರೇ, ಹಸುವಿಗೆ ಅಷ್ಟು ಅಪಾಯ ಇರೋದು ನಿಮಗೆ ಇರೋದಿಲ್ವಾ?" ಎಂದು ಕೇಳಿದೆ.

ಗೌಡರು ನನ್ನ ಬುದ್ಧಿಗೆ ಮರುಕಪಟ್ಟವರಂತೆ ನೋಡಿದರು. "ನಾನೇನ್ ಸಾಮಿ ಆಲ್ ಕೊಟ್ಟೀನಾ?"

ಇತರೆ ಅಭಿಪ್ರಾಯ

ಇನ್ನೂ ಅರ್ಧ ಕಟ್ಟು ಉಳಿದಿತ್ತು, ಸಾಹೇಬರು ಕೊಟ್ಟ ಗಡುವಿಗೆ ಮೂರೇ ದಿನ ಬಾಕಿ. ನಾನು ಸೂಜಿ ಹಾಕಲು ಹೋಗುತ್ತಿದ್ದ ನಾಗಮಂಗಲದ ಕಡೆಯ ಒಂದು ದೊಡ್ಡ ಊರಿಗೆ ಹೋದೆ. ನನ್ನ ಗುರುತಿನ ಊರು, ಸಲೀಸಾಗಿ ಆಗುತ್ತದೆ ಎಂದುಕೊಂಡಿದ್ದೆ. ಊರಬಾಗಿಲಲ್ಲೇ ಹೆಂಗಸರು ಸುತ್ತುವರಿದರು. ಇಬ್ಬರ ಕೈಯಲ್ಲಿ ಪೊರಕೆ ಇತ್ತು. ಸಾರಾಯಿ ಅಂಗಡಿ ಪಕ್ಕದಲ್ಲೇ ಸರ್ಕಾರ ಸೊಪ್ಪಿನ ಅಂಗಡಿ ಇಡುತ್ತದಂತೆ, ಜಾಗ ನೋಡಲು ನಾನು ಬರುತ್ತೇನಂತೆ ಎಂಬ ಸುದ್ದಿ ನನಗಿಂತ ಮೊದಲ ಬಸ್ಸಿಗೆ ಬಂದಿಳಿದಿತ್ತು.

"ಅಂಗಡಿ ಎಲ್ಲಿ ಇಕ್ತೀಯೆ, ಯೋಳು" ಎಂದು ಒಬ್ಬ ಅಜ್ಜಿ ಕೇಳಿತು.

"ಅಂಗಡಿ ಇಲ್ಲ ಅಜ್ಜಿ. ಆರೋಗ್ಯಕ್ಕೆ ಅಪಾಯ ಅಂತ ನಿಮಗೆ ಅನ್ನಿಸುತ್ತಾ ಅಂತ ಕೇಳಕ್ಕೆ ಬಂದೆ."

"ಅದನ್ನೂ ಕೇಳ್ಬೇಕಾ ಮಗಾ? ಕುಡ್ದು ಬರೋನು ಬೈದು ಬಿದ್ಕತಾನೆ, ಉಣ್ಣಾಕಿಲ್ಲ. ಸೇದ್ಕಂಡು ಬರೋನು ಬೈಯಾಕಿಲ್ಲ, ಕೂತ್ಕಂಡು ಉಣ್ತಾನೆ, ಉಣ್ತಾನೆ, ಉಣ್ತಾನೇ ಇರ್ತಾನೆ. ನಮ್ಮನೆ ಗಂಡ್ಸು ಒಂದಿನ ಐದು ಮುದ್ದೆ ಉಂಡು ಆರನೇದು ಎಲ್ಲಿ ಅಂತ ಕೇಳ್ತು. ಅದರ ಆರೋಗ್ಯಕ್ಕೆ ಏನೂ ಆಗ್ನಿಲ್ಲ. ಆವತ್ತು ಅಸ್ಕಂಡು ಮಲಗಿದ್ದು ನಾನು ನನ್ನ ಮಕ್ಕಳು."

ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ. ಎರಡನೆಯ ಪ್ರಶ್ನೆಗೆ ಅಜ್ಜಿಯ ಮಾತನ್ನು ಹಾಗೆಯೇ ಬರೆದುಕೊಂಡೆ. ಅಷ್ಟು ತಿರುಗಿದ್ದರಲ್ಲಿ ಉತ್ತರ ಅಂತ ಸಿಕ್ಕಿದ್ದು ಅದೊಂದೇ ಎಂದು ಈಗಲೂ ನನ್ನ ಅಭಿಪ್ರಾಯ.

ಆಮೇಲೆ ಪೊರಕೆ ಕೆಳಗಿಳಿಯಿತು. ನನಗೇ ಮುದ್ದೆ ಬಡಿಸಿದರು. ಮಾತಿಗೆ ಮಾತು ಬಂದು, "ಬಹುಶಃ ಇದೇ ಕೊನೆ ಕಣಜ್ಜಿ. ನನಗೆ ವರ್ಗ ಆಗಬಹುದು" ಎಂದುಬಿಟ್ಟೆ. ಹೆಂಡತಿಯ ಹತ್ತಿರ ಹೋಗುತ್ತೇನೆ ಎಂದು ಹೇಳಲು ನಾಚಿಕೆ. ಅಜ್ಜಿ ಕಣ್ಣೊರೆಸಿಕೊಂಡಿತು. "ನೋಯದಂಗೆ ಸೂಜಿ ಆಕೋನು ನೀನೊಬ್ಬ. ನಿನ್ನೂ ಎತ್ತಾಕ್ತಾರಾ?" ಎಂದಿತು. ಉಳಿದ ಫಾರಂಗಳನ್ನೆಲ್ಲ ಊರಿನ ಮೇಷ್ಟರು ತಾವೇ ಮನೆಮನೆಗೆ ಹೋಗಿ ತುಂಬಿಸಿ ಎರಡು ದಿನದಲ್ಲಿ ತಲುಪಿಸಿದರು. ಒಂದೂ ಖಾಲಿ ಇರಲಿಲ್ಲ. ನಾನು 'ಹೌದು' ಎಂಬ ಗುರುತು ಮಾತ್ರ ನೋಡಿ, ಕಟ್ಟು ಕಟ್ಟಿ, ಸಾಹೇಬರ ಮೇಜಿನ ಮೇಲಿಟ್ಟು, ಹೆಂಡತಿಗೆ ಮಲ್ಲಿಗೆ ತೆಗೆದುಕೊಂಡು ಹೋದೆ.

ಮುಂದಿನ ವಾರ ಸಾಹೇಬರು ಕರೆಸಿದರು. ಫಾರಂಗಳನ್ನು ಹರಡಿಕೊಂಡು ಕೂತಿದ್ದರು.

"ಇತರೆ ಅಭಿಪ್ರಾಯ ಓದಿದ್ರೇನ್ರೀ?"

ಓದಿದೆ. ಮೇಷ್ಟರ ದುಂಡು ಅಕ್ಷರ. 'ನಮ್ಮ ಊರಿಗೆ ಬರುವ ಆರೋಗ್ಯ ಸಹಾಯಕರು ಸಜ್ಜನರು. ಇವರನ್ನು ಯಾವ ಕಾರಣಕ್ಕೂ ನಮ್ಮ ತಾಲ್ಲೂಕಿನಿಂದ ವರ್ಗ ಮಾಡಬಾರದಾಗಿ ಪ್ರಾರ್ಥನೆ.' ಕೆಳಗೆ ಹೆಬ್ಬೆಟ್ಟು. ಇನ್ನೊಂದು ಫಾರಂ, ಅದೇ ಪ್ರಾರ್ಥನೆ. ಇನ್ನೊಂದು, ಮತ್ತೊಂದು, ಅರ್ಧ ಕಟ್ಟು ಪೂರ್ತಿ ಅದೇ. ಒಳ್ಳೆಯ ನೌಕರನಿಗೆ ವರ್ಗವಾದರೆ ಊರವರು ಅರ್ಜಿ ಕೊಟ್ಟು ತಡೆಯುವುದು ನಮ್ಮ ಕಡೆಯ ರೂಢಿ. ಪ್ರೀತಿಯಿಂದಲೇ ಮಾಡಿದ್ದರು, ನನ್ನ ಕುತ್ತಿಗೆ ಕೊಯ್ದಿದ್ದರು.

"ಗಾಂಜಾ ವಿಷಯದಲ್ಲಿ ಜನ ತಲೆಗೊಂದು ಹೇಳಿದ್ದಾರೆ" ಎಂದರು ಸಾಹೇಬರು. "ನಿಮ್ಮ ವಿಷಯದಲ್ಲಿ ಮಾತ್ರ ಒಂದೇ ಮಾತು. ಈಗ ನಿಮ್ಮನ್ನ ಕದಲಿಸಿದರೆ ಆ ಊರವರು ನಾಳೆ ಬಂದು ನನ್ನ ಬಾಗಿಲಲ್ಲಿ ಕೂರ್ತಾರೆ. ಕಾರಣ ಬೇಕಲ್ರೀ, ಬಲವಾದ ಕಾರಣ!"

ಹೆಂಡತಿಯ ಫಾರಂ

ಭಾನುವಾರ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡಳು. ಅವಳು ಅಳುವುದನ್ನು ನಾನು ನೋಡಿದ್ದು ಅವತ್ತೇ ಮೊದಲು. ಸ್ವಲ್ಪ ಹೊತ್ತಿನ ಮೇಲೆ, "ರೀ, ಒಂದು ಫಾರಂ ಉಳಿದಿದೆಯಾ?" ಎಂದಳು. ಹಾಳಾದರೆ ಬೇಕಾಗುತ್ತದೆಂದು ಹೆಚ್ಚಿಗೆ ಕೊಟ್ಟಿದ್ದ ಒಂದು ಚೀಲದಲ್ಲಿತ್ತು.

ಟೀಚರ್ ಅಕ್ಷರದಲ್ಲಿ ತುಂಬಿದಳು. ಆರೋಗ್ಯಕ್ಕೆ ಅಪಾಯವಿದೆಯೇ? ಹೌದು. ತಿಳಿದಿರುವ ಅಪಾಯಗಳೇನು? 'ಇದರ ಬಗ್ಗೆ ಕೇಳಿಕೊಂಡು ಊರೂರು ತಿರುಗುವವರ ಹೆಂಡತಿಗೆ ತೀವ್ರ ತಲೆನೋವು.' ಇತರೆ ಅಭಿಪ್ರಾಯ? 'ಇವರು ಊರವರು ಹೇಳುವಷ್ಟು ಸಜ್ಜನರೇನಲ್ಲ, ಆದರೂ ನನಗೆ ಬೇಕು. ದಯವಿಟ್ಟು ಮನೆಗೆ ಕಳಿಸಿ.' ಕೆಳಗೆ ರುಜು, ಪಕ್ಕದಲ್ಲಿ ನನ್ನ ಹೆಸರು, ಹುದ್ದೆ.

ಸೋಮವಾರ ಎದೆ ಗಟ್ಟಿ ಮಾಡಿಕೊಂಡು ಅದನ್ನು ಸಾಹೇಬರಿಗೆ ಕೊಟ್ಟೆ. ಓದಿದರು. ಮೀಸೆಯಡಿಯಲ್ಲಿ ನಕ್ಕರು. ಗುಮಾಸ್ತರನ್ನು ಕರೆದು, "ಇದನ್ನ ಆಧಾರವಾಗಿಟ್ಟು ಇವರಿಗೊಂದು ಆರ್ಡರ್ ಮಾಡ್ರೀ. ಕಾರಣ ಬಲವಾಗಿರಲಿ" ಎಂದರು.

ಗುಮಾಸ್ತರು ಹಳೆಯ ಹುಲಿ. ಎಂಥ ಉದ್ದದ ಕಾಗದವನ್ನಾದರೂ ಎರಡು ಸಾಲಿಗೆ ಇಳಿಸಿ ಟಿಪ್ಪಣಿ ಬರೆಯುವುದರಲ್ಲಿ ಅವರಿಗೆ ಸಮನಿಲ್ಲ. ಫಾರಂನ ತಲೆಬರಹ ನೋಡಿದರು, ಎರಡನೆಯ ಉತ್ತರ ನೋಡಿದರು, ಕೊನೆಯ ಸಾಲು ನೋಡಿದರು. ಟೈಪ್ ಆಯಿತು. ಸಾಹೇಬರು ಹತ್ತು ಕಾಗದಗಳ ನಡುವೆ ಅದಕ್ಕೂ ರುಜು ಹಾಕಿದರು. ನಾನು ಓದದೆಯೇ ಜೇಬಿಗಿಟ್ಟುಕೊಂಡು ಓಡಿದೆ, ನನ್ನ ಬುದ್ಧಿಗೆ ಏನು ಹೇಳುವುದು!

ಹೆಂಡತಿ ಬಾಗಿಲಲ್ಲೇ ಆರ್ಡರ್ ಕಿತ್ತುಕೊಂಡು ಜೋರಾಗಿ ಓದಿದಳು. 'ಸದರಿ ನೌಕರರ ಪತ್ನಿಯು ಗಾಂಜಾದಿಂದ ಉಂಟಾದ ತೀವ್ರ ತಲೆನೋವಿನಿಂದ ಬಳಲುತ್ತಿದ್ದು, ಪತಿಯು ಸದಾ ಜೊತೆಯಲ್ಲಿರುವುದು ಅಗತ್ಯವೆಂದು ಮನಗಂಡು, ಮಾನವೀಯತೆಯ ದೃಷ್ಟಿಯಿಂದ ಇವರನ್ನು ಶ್ರೀರಂಗಪಟ್ಟಣಕ್ಕೆ ವರ್ಗಾಯಿಸಿ ಆದೇಶಿಸಲಾಗಿದೆ.'

ಅವಳು ಶಾಲೆಯ ಟೀಚರ್. ಬೀದಿಯಲ್ಲಿ ಹೋದರೆ ಅರ್ಧ ಗಂಜಾಂ ಎದ್ದು ನಮಸ್ಕಾರ ಮಾಡುತ್ತದೆ. ಇದರ ಪ್ರತಿ ಎಷ್ಟು ಆಫೀಸುಗಳಿಗೆ ಹೋಗಿದೆ ಎಂದು ಕೆಳಗೆ ಪಟ್ಟಿಯೇ ಇತ್ತು.

"ನಾಳೆಯೇ ಹೋಗಿ ತಿದ್ದಿಸಿಕೊಂಡು ಬರ್ತೀನಿ" ಎಂದೆ.

"ತಿದ್ದಕ್ಕೆ ತಗೊಂಡು ವಾಪಸ್ ಕೊಡದಿದ್ರೆ?"

"ಹಾಗಲ್ಲ ಕಣೇ, ನಾಳೆ ಯಾರಾದರೂ ಕೇಳಿದರೆ?"

ಆರ್ಡರ್ ಅನ್ನು ನಾಲ್ಕು ಮಡಿಕೆ ಮಾಡಿ, ದೇವರ ಪಟದ ಹಿಂದೆ ಸಿಕ್ಕಿಸಿ, ನನ್ನ ಬ್ಯಾಗನ್ನು ಒಳಗೆ ತೆಗೆದುಕೊಂಡು ಹೋಗುತ್ತಾ ಹೇಳಿದಳು: "ಕೇಳಿದರೆ, ಹೌದು, ಸೇದ್ತಾಳೆ ಅಂತಲೇ ಹೇಳಿ."